ಮೈದಾನ ನೋಡಾಕ ಬಂದವರು

ಒಂದು ಒಗಟು ಹೇಳ್ತೇನಿ, ಒಡೀರಿ ನೋಡೋಣ. ಆಟ ಶುರು ಆಗಿಲ್ಲ, ಗೆಲ್ಲೋ ಜಗಳ ಮುಗದಿಲ್ಲ. ಆಡೋರು ಬಂದಿಲ್ಲ, ಮೈದಾನದ ಕಸ ಹೋಗ್ಯದ. ಹಣ್ಣು ಕಮಲಾಪುರದ್ದು, ಹೆಣ್ಣು ಕೋಟನೂರದ್ದು, ನಡುವ ಇಟ್ಟಂಗಿ. ಏನದು?

ಒಡೀಲಿಲ್ಲಲ್ಲ? ಒಡಿಯೋದೂ ಇಲ್ಲ. ನಾ ಹತ್ತನೇತ್ತಾ ಪರೀಕ್ಷಾ ಎರಡು ಸಲ ಬರದು ಎರಡೂ ಸಲ ಉಳಿದವ, ಆದ್ರೂ ಈ ಒಗಟಿನ ಉತ್ತರ ನನಗೊಬ್ಬನಿಗೇ ಗೊತ್ತು. ಇಂಥವು ನನ್ನ ಹುಡುಕೊಂಡೇ ಬರ್ತಾವ. ನಾ ಬರೇ ಬಾಯಿ ತೆಗೀತೇನಿ, ಉಳಿದದ್ದು ಊರೇ ಮಾಡ್ತದ.

೧. ಪೇಪರಿನಾಗ ಇಲ್ಲದ ಸಾಲು

ಕಲಬುರಗಿ ಬಗಲಿನ ಕೋಟನೂರದ ನಮ್ಮ ಓಣಿ ಕಟ್ಟಿ ಮ್ಯಾಲ ದಿನಾ ಮುಂಜಾನೆ ಹಿರಿಯರಿಗೆ ಪೇಪರ್ ಓದಿ ಹೇಳೋದು ನನ್ನ ಕೆಲಸ. ಅವರಲ್ಲಿ ಅರ್ಧ ಮಂದಿಗೆ ಕಣ್ಣಿಗೆ ಪೊರೆ, ಉಳಿದ ಅರ್ಧಕ್ಕ ಚಸ್ಮಾ ಮನ್ಯಾಗ. ಹಿಂಗಾಗಿ ನಾ ಓದಿದ್ದೇ ಸುದ್ದಿ.

ಆಗ ನನಗೊಂದು ಸಂಕಟ ಇತ್ತು. ನಾವು ಕಬಡ್ಡಿ ಆಡೋ ಮೈದಾನದ ನಟ್ಟನಡುವ ನಮ್ಮ ಓಣಿಯ ಒಬ್ಬ ಕಾಕಾ ಮನಿ ಕಟ್ಟಿ ಉಳಿದ ಇಟ್ಟಂಗಿ ಒಟ್ಟಿದ್ದ. ಆರು ತಿಂಗಳಾದ್ರೂ "ನಾಳಿಗಿ ತೆಗಸ್ತೀನಿ ತಮ್ಮಾ" ಅನ್ನೋದು ಮುಗಿದಿದ್ದಿಲ್ಲ. ನಾವು ಕಬಡ್ಡಿ ಆಡೋದು ಬಿಟ್ಟು ಇಟ್ಟಂಗಿಗೆ ಪ್ರದಕ್ಷಿಣಿ ಹಾಕಾಕತ್ತಿದ್ವಿ.

ಅವತ್ತು ಪೇಪರಿನಾಗ ಒಂದು ಸುದ್ದಿ ಬಂದಿತ್ತು. ಜಗತ್ತಿನ ಆಟಗಾರರೆಲ್ಲ ಕೂಡುವ ದೊಡ್ಡ ಕ್ರೀಡಾಕೂಟ ನಮ್ಮಲ್ಲೇ ಆಗಲಿ ಅಂತ ದೊಡ್ಡ ದೊಡ್ಡ ಶಹರಗಳು ಜಗ್ಗಾಡಾಕತ್ತಾವಂತ. ಓದಿದೆ. ಓದಿ, ದನಿ ಬದಲಿ ಮಾಡದೇ ಒಂದು ಸಾಲು ಕೂಡಿಸಿದೆ: "ಕಲಬುರಗಿ ಮತ್ತು ಕಮಲಾಪುರವೂ ಸ್ಪರ್ಧೆಯಲ್ಲಿವೆ."

ರಿಟೈರ್ ಆದ ಮಾಸ್ತರು ನೆಟ್ಟಗ ಕೂತ್ರು. "ಎಲ್ಲಿ, ಮತ್ತೊಮ್ಮೆ ಓದು."

ಮತ್ತೊಮ್ಮೆ ಓದಿದೆ. ಈ ಸಲ ಸುದ್ದಿ ಜರಾ ಬೆಳದಿತ್ತು: "ಕಬಡ್ಡಿಗಾಗಿ ಕೋಟನೂರ ಮೈದಾನ ನೋಡಲು ಸಮಿತಿಯು ಭಾನುವಾರ ಬರಲಿದೆ."

ಎಲ್ಲಾರೂ ಇಟ್ಟಂಗಿ ಕಾಕಾನ ಮುಖ ನೋಡಿದ್ರು. ಕಾಕಾ ಎದ್ದು ಧೋತರ ಝಾಡಿಸಿ, "ಈ ವಾರ ಅಂತೂ ಆಗಂಗಿಲ್ಲ. ಭಾನುವಾರ ಮುಗೀಲಿ," ಅಂದು ಹೊಂಟೇಬಿಟ್ಟ. ಯಾಕ ಅಂತ ಮಾತ್ರ ಹೇಳಲಿಲ್ಲ.

ಮಾಸ್ತರು ನನಗ ಹೇಳಿದ್ರು, "ಮೂರನೇ ಸಲ ಓದಬ್ಯಾಡಪ್ಪಾ. ಸಮಿತಿ ಇವತ್ತೇ ಬಂದು ಬಿಡ್ತದ."

೨. ಆಯಿಯ ನ್ಯಾಯ

ಮನಿಗೆ ಬಂದ್ರ ನಮ್ಮ ಮುದುಕಿ ಆಯಿ ಪುಂಡಿಪಲ್ಯ ಸೋಸಾಕತ್ತಿದ್ದಳು. ಸುದ್ದಿ ನನಕಿಂತ ಮೊದಲು ಆಕಿಗೆ ಮುಟ್ಟಿತ್ತು.

"ಬರೋರು ಏನ್ ಮಾಡ್ತಾರೋ?"

"ಊರು ನೋಡ್ತಾರ ಆಯಿ. ಮನಸಿಗಿ ಬಂದ್ರ ಹೂಂ ಅಂತಾರ."

"ಮೊದಲ ಎಷ್ಟ ಊರು ನೋಡ್ಯಾರ?"

"ಭಾಳ."

"ಎಲ್ಲಾ ಕಡಿ ಸುಸಲಾ ಮಿರ್ಚಿ ತಿಂದು, ಆಮ್ಯಾಲ ತಿಳಸ್ತೇವಿ ಅಂದು ಹೋಗ್ಯಾರ?"

"ಹೌದು."

"ಇಲ್ಲೇ ಆತಂದ್ರ ಹಂದರ, ಊಟ, ಖರ್ಚ ಯಾರದು?"

"ಊರಿಂದೇ."

ಆಯಿ ಪುಂಡಿಪಲ್ಯ ಕೆಳಗಿಟ್ಟಳು. "ಅಯ್ಯ ನಿನ್ನ! ಇದು ವರದಕ್ಷಿಣಿ ಅಲ್ಲದ ಮತ್ತೇನೋ? ಮೊದಲ ಪೊಲೀಸರಿಗಿ ಹೇಳು!"

ಆದ್ರ ಸಂಜಿಗೆ ಆಕಿನೇ ಓಣಿ ಹೆಣ್ಮಕ್ಕಳನ್ನ ಕೂಡಿಸಿ ತಾಕೀತು ಮಾಡಿದಳು: "ಬಂದವರನ್ನ ಗಟಾರದ ಕಡಿ ಮುಖ ಮಾಡಿ ಕೂಡಸಬ್ಯಾಡ್ರವ್ವಾ. ನನ್ನ ನೋಡಾಕ ಬಂದಾಗ ನಮ್ಮವ್ವ ಇದೇ ತಪ್ಪು ಮಾಡಿದ್ದಳು, ಮೂರು ಸಂಬಂಧ ತಿರುಗಿ ಹೋದ್ವು."

೩. ತೋಪು ಮತ್ತ ಬಾಳಿಹಣ್ಣು

ಎರಡನೇ ದಿನ ಕಮಲಾಪುರದಿಂದ ಮಾವನ ಫೋನ್. "ಏನಲೇ, ನಿಮ್ಮೂರು ನಮ್ಮೂರ ಮ್ಯಾಲ ಸ್ಪರ್ಧಾಕ್ಕ ನಿಂತದಂತ? ನಮ್ಮಲ್ಲಿ ಕೆಂಪು ಬಾಳಿಹಣ್ಣು ಅದ. ಓಡೋರಿಗೆ ಒಂದೊಂದು ಕೊಟ್ರ ಸಾಕು, ಹಾರ್ತಾರ. ನಿಮ್ಮಲ್ಲಿ ಏನದ? ಬಿಸಲು!"

ನಾ ಬಿಡ್ತೇನಾ? "ನಮ್ಮ ಕಲಬುರಗಿ ಕ್ವಾಟ್ಯಾಗ ಉದ್ದನ್ನ ತೋಪು ಅದ ಮಾವಾ. ಓಟ ಶುರು ಮಾಡಾಕ ಅದನ್ನೇ ಹಾರಸ್ತೇವಿ."

"ಹಾರಸ್ರಿ. ಆ ಸಪ್ಪಳಕ್ಕ ನಿಮ್ಮ ಓಟಗಾರರು ಗೆರಿ ಬಲ್ಲಿ ನಿಂದರ್ತಾರೇನು? ಸೀದಾ ಹೈದರಾಬಾದ್ ಮುಟ್ಟಿ ಹಿಂದ ತಿರುಗಿ ನೋಡ್ತಾರ."

೪. ಭಾನುವಾರ

ಭಾನುವಾರದೊಳಗ ಓಣಿ ಗುರ್ತು ಸಿಗದಂಗಾತು. ಜಾಲಿ ಕಡದ್ರು, ಎಮ್ಮಿ ಬ್ಯಾರೆ ಕಡಿ ಕಟ್ಟಿದ್ರು. ಉಳಿದದ್ದು ಇಟ್ಟಂಗಿ ಒಂದೇ. ಮಾಸ್ತರು ಅದಕ್ಕೂ ಉಪಾಯ ಮಾಡಿದ್ರು. ಮೂರು ಮೆಟ್ಟಲ ಮಾಡಿ ಒಟ್ಟಿಸಿ, ಮ್ಯಾಲಷ್ಟೇ ಶಾಮಿಯಾನದ ಅರಿವಿ ಹೊದಿಸಿ, "ಇದು ಬಹುಮಾನದ ವೇದಿಕಿ" ಅಂದ್ರು.

ನಾಲ್ಕು ಗಂಟೆಗೆ ಒಂದು ಬಿಳಿ ಕಾರು ಬಂದು ಸರಿಯಾಗಿ ಇಟ್ಟಂಗಿ ಮುಂದೇ ನಿಂತಿತು. ನಾ ಹೇಳಿದ ಸುಳ್ಳು ಗಾಡಿ ಮಾಡಿಕೊಂಡು ಬಂದದ್ದು ಅದೇ ಮೊದಲು.

ಇಳಿದವರು ಮೂರು ಮಂದಿ: ರುಮಾಲಿನ ಯಜಮಾನರು, ಅವರ ಹೆಂಡತಿ, ಹೊಸ ಬೂಟಿನ ಒಬ್ಬ ಹುಡುಗ. ಆ ಹೆಣ್ಮಗಳ ಕೈಯಾಗ ಒಂದು ಬುಟ್ಟಿ. ಮಾತಾಡಾಕ ಬಿಡದೇ ಮಾಸ್ತರು ಮಾಲಿ ಹಾಕಿ ಭಾಷಣ ಶುರು ಮಾಡಿದ್ರು. "ನಮ್ಮ ಬಿಸಲಾಗ ನಡಿಯೋನೂ ಓಡ್ತಾನ್ರಿ! ಕಮಲಾಪುರದಾಗ ಏನದ? ಬಾಳಿಹಣ್ಣು ತಿಂದು ಮಲಗೋ ಮಂದಿ!"

ಅಷ್ಟರಾಗ ಆಯಿ ಬುಟ್ಟಿ ಅರಿವಿ ಸರಿಸಿದಳು. ಒಳಗ ಕೆಂಪು ಬಾಳಿಹಣ್ಣು. "ಅಯ್ಯ, ಕಮಲಾಪುರದವರು ಮೊದಲೇ ಲಂಚ ಮುಟ್ಟಿಸ್ಯಾರ!"

ಗದ್ದಲ ಎದ್ದಿತು. ಮಾಸ್ತರು ಹುಡುಗನ ಕೈ ಹಿಡಿದು, "ಸಾಹೇಬ್ರ, ಹಣ್ಣು ನೋಡಿ ತೀರ್ಮಾನ ಮಾಡಬ್ಯಾಡ್ರಿ, ನಮ್ಮ ಮೈದಾನ ಓಡಿ ನೋಡ್ರಿ," ಅಂದ್ರು. ಪಾಪ, ಓಡಿದ. ಒಂದು ಸುತ್ತು ಮುಗಿಸಿದ್ದೇ ತಡ, ಇಟ್ಟಂಗಿ ಮ್ಯಾಲ ಒಂದನೇ ನಂಬರಿಗೆ ನಿಲ್ಲಿಸಿ ಚಪ್ಪಾಳಿ ಹೊಡದ್ವಿ.

ಯಜಮಾನರು ಹೆಂಡತಿ ಕಿವ್ಯಾಗ ಅಂದದ್ದು ನನಗ ಕೇಳಿಸ್ತು: "ಕಲಬುರಗಿ ಕಡಿ ವರನನ್ನ ಓಡಿಸಿ ನೋಡ್ತಾರಂತ ಮಧ್ಯಸ್ಥ ಹೇಳಿದ್ದೇ ಇಲ್ಲಲ್ಲ!"

ಆಗ ಇಟ್ಟಂಗಿ ಕಾಕಾ ಬರಿಗಾಲಾಗ ಓಡಿ ಬಂದ. "ಬಿಡ್ರೋ! ಅವರು ನನ್ನ ಮಗಳನ್ನ ನೋಡಾಕ ಬಂದವರು!"

ಮೊದಲೊಂದು ಸಂಬಂಧ ಓಣಿ ಮಂದಿ ಬಾಯಿಗೆ ಬಿದ್ದು ಮುರಿದಿತ್ತಂತ. ಈ ಸಲ ಕಾಕಾ ಯಾರಿಗೂ ಹೇಳಿದ್ದಿಲ್ಲ. ಬೀಗರಿಗೆ ಹೇಳಿದ ಗುರ್ತು ಒಂದೇ: "ಮೈದಾನದಾಗ ಇಟ್ಟಂಗಿ ಕಾಣ್ತಾವ, ಅಲ್ಲೇ ಗಾಡಿ ನಿಲ್ಲಸ್ರಿ."

ಮಾಸ್ತರು ಕೈಯಾಗಿನ ಎರಡನೇ ಮಾಲಿ ಎಲ್ಲಿ ಇಡಬೇಕು ತಿಳೀದೆ ತಾವೇ ಹಾಕೊಂಡ್ರು. ಯಜಮಾನರು ಕೈ ಮುಗದ್ರು. "ಬಾಳಿಹಣ್ಣು ತಿಂದು ಮಲಗೋ ಮಂದಿ ನಾವೇರಿ."

ಮೈದಾನದ ಬಗಲಿಗಿದ್ದ ಕಾಕಾನ ಮನಿ ಮಾಳಿಗಿಯಿಂದ ಅವನ ಮಗಳು ಕಿಸಕ್ಕಂತ ನಕ್ಕಳು. ಓಟ ಎಲ್ಲಾ ನೋಡ್ಯಾಳ. "ಅಪ್ಪಾ, ಯಾಕಂತ ಕೇಳದೇ ಓಡಿದವ ನನಗ ಪಸಂದ," ಅಂದಳು. ಯಜಮಾನರೂ ನಕ್ಕು, "ಆತು. ಈ ಇಟ್ಟಂಗಿ ತೆಗಸ್ರಿ ಬೀಗರ, ಹಂದರ ಇಲ್ಲೇ ಹಾಕೋಣ," ಅಂದ್ರು. ಸಂಜಿಯೊಳಗ ಮೈದಾನ ಖಾಲಿ. ಕಬಡ್ಡಿಗೆ ಮೊದಲ ರೇಡು ವರನೇ ಹೋದ.

ಇಲ್ಲಿ ಒಂದು ಮಾತು ಒಪ್ಪಿಕೊಳ್ತೇನಿ. ಕಾರು ಖರೇ, ಓಟ ಖರೇ, ಹುಡುಗಿ ಹೂಂ ಅಂದದ್ದೂ ಖರೇ. ಇಟ್ಟಂಗಿ ತೆಗೆದದ್ದು, ಕಬಡ್ಡಿ ಆಡಿದ್ದು ನಾ ಕಟ್ಟಿ ಹೇಳಿದ್ದು. ಇಟ್ಟಂಗಿ ಇನ್ನೂ ಅಲ್ಲೇ ಅವ. ಆದ್ರ ಚಿಂತಿ ಇಲ್ಲ. ನಾಳಿಗಿ ಮುಂಜಾನೆ ಕಟ್ಟಿ ಮ್ಯಾಲ ಈ ಕತಿನೇ ಪೇಪರಿನೊಳಗ ಇಟ್ಟುಕೊಂಡು ಸುದ್ದಿ ಅಂತ ಓದ್ತೇನಿ. ಕಾಕಾನೂ ಕೂತಿರ್ತಾನ. ಮಾಸ್ತರು ಹೆಂಗೂ ಅಂತಾರ: "ಎಲ್ಲಿ, ಮತ್ತೊಮ್ಮೆ ಓದು."