ಹೆಂಡತಿಗೊಂದು ಕೌದಿ ಕೋಟು

ಪುಸ್ತಕ ಹೊಲಿದರೆ ಹಾಳೆಯ ಅಗಲ ಕಡಿಮೆಯಾಗುವುದಿಲ್ಲ. ಬಟ್ಟೆ ಹೊಲಿದರೆ ಆಗುತ್ತದೆ.

ಇಷ್ಟು ಸಣ್ಣ ಸಂಗತಿ ಬೈಂಡರ್‌ಗೆ ತಿಳಿದದ್ದು ಬೆಳಗ್ಗೆ ಹತ್ತು ಗಂಟೆಗೆ. ಅದೂ ಅವನ ಮದುವೆಗೆ ಒಂಬತ್ತು ವರ್ಷ ತುಂಬಿದ ದಿನ. ಸರ್ಕಾರಿ ಕಚೇರಿಯಲ್ಲಿ ಹಳೆಯ ಕಡತಗಳಿಗೆ ರಟ್ಟು ಕಟ್ಟುವ ಅವನು ಒಂದು ವಾರದಿಂದ ಹೆಂಡತಿಗೆ ಗೊತ್ತಾಗದಂತೆ ಕೌದಿ ಕೋಟೊಂದನ್ನು ಹೊಲಿಯುತ್ತಿದ್ದ. ಅವಳ ಹಳೆಯ ಸ್ವೆಟರನ್ನು ಅಳತೆಗಿಟ್ಟುಕೊಂಡು, ರಟ್ಟು ಕತ್ತರಿಸುವ ಅಲಗಿನಲ್ಲೇ ಅರವತ್ತನಾಲ್ಕು ಬಟ್ಟೆ ಚೌಕಗಳನ್ನು ಕತ್ತರಿಸಿ, ಪುಟಸಂಖ್ಯೆಯಂತೆ ಪ್ರತಿಯೊಂದರ ಬೆನ್ನಿಗೂ ಪೆನ್ಸಿಲಿನಲ್ಲಿ ಒಂದು, ಎರಡು, ಮೂರು ಎಂದು ಬರೆದು, ನಡುವೆ ಹತ್ತಿ ತುಂಬಿ ಹೊಲಿದಿದ್ದ. ಲೆಕ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹೊಲಿಗೆಯ ಒಳಗೆ ಮಡಿಚಿಹೋಗುವ ಅಂಚಿಗೆ ಬಟ್ಟೆ ಬಿಡಬೇಕೆಂಬುದೊಂದನ್ನು ಬಿಟ್ಟರೆ.

ಮುಗಿದ ಕೋಟನ್ನು ಎತ್ತಿ ಹಿಡಿದು ನೋಡಿದ. ದಿಂಬಿಗೆ ತೊಡಿಸಿದರೆ ದಿಂಬೂ ಉಸಿರು ಬಿಗಿಹಿಡಿಯಬೇಕಿತ್ತು.

ಅವನ ಹೆಂಡತಿಗೆ ಹಣ್ಣು ತರಕಾರಿಗಳ ಶೀತಲ ಗೋದಾಮಿನ ಬಾಗಿಲಲ್ಲಿ ಕೂತು ಚೀಟಿ ಕೊಡುವ ಕೆಲಸ. ಸುಡುಬೇಸಿಗೆಯಲ್ಲೂ ಮೂಗು ಕೆಂಪಗೆ ಮಾಡಿಕೊಂಡು ಮನೆಗೆ ಬರುತ್ತಿದ್ದಳು. ಎಂಟು ವರ್ಷ ಈ ದಿನದಂದು ಅವನು ಕಚೇರಿಯ ಪಕ್ಕದ ಅಂಗಡಿಯಿಂದ ಏನೋ ಒಂದನ್ನು ಕಟ್ಟಿಸಿಕೊಂಡು ಬಂದು ಅವಳ ಕೈಗಿಡುತ್ತಿದ್ದ. ಅವಳು ಕಟ್ಟು ಬಿಚ್ಚುವಾಗ ಅವನ ಕಣ್ಣು ಕಟ್ಟಿನ ಮೇಲಿರುತ್ತಿರಲಿಲ್ಲ, ಅವಳ ಮುಖದ ಮೇಲಿರುತ್ತಿತ್ತು. ಎಂಟು ಸಲವೂ ಆ ಮುಖ ಹಲ್ಲಿನ ಡಾಕ್ಟರಿಗೆ "ನೋವಾಗ್ಲಿಲ್ಲ" ಎನ್ನುವ ರೋಗಿಯ ಮುಖದಂತೆಯೇ ನಕ್ಕಿತ್ತು. ಈ ಸಲವಾದರೂ ಅವಳು ನಿಜವಾಗಿ ಹಿಗ್ಗುವುದನ್ನು ನೋಡಬೇಕು. ಸಂಜೆ ಆರಕ್ಕೆ ಅವಳು ಬರುತ್ತಾಳೆ. ಅಷ್ಟರೊಳಗೆ ಕೋಟು ಎಲ್ಲ ಕಡೆಯಿಂದಲೂ ಒಂದೊಂದು ಗೇಣು ಬೆಳೆಯಬೇಕು.

ಬಟ್ಟೆ ತರೋಣವೆಂದರೆ ಅಂದು ಅಂಗಡಿಗಳಿಗೆ ವಾರದ ರಜೆ. ಉಳಿದದ್ದು ನೆರೆಹೊರೆ.

ಎದುರುಮನೆಯ ನರ್ಸಕ್ಕ ಬಾಗಿಲಲ್ಲೇ ನಿಂತಿದ್ದಳು. ಅವಳು ಮತ್ತು ಬೈಂಡರನ ಹೆಂಡತಿ ದಿನವೂ ಒಟ್ಟಿಗೆ ಬಸ್ ನಿಲ್ದಾಣಕ್ಕೆ ನಡೆಯುವವರು. ನರ್ಸಕ್ಕನಿಗೆ ಹೇಳಿದ್ದು ಹೆಂಡತಿಯ ಕಿವಿ ಮುಟ್ಟಲು ಒಂದು ಬೀದಿ ಸಾಕು.

"ಅಕ್ಕಾ, ಹಳೇ ಬಟ್ಟೆ ಏನಾದ್ರೂ ಇದ್ಯಾ? ಒಂದು ಕೋಟು ಹೊಲಿತಿದ್ದೆ."

"ಯಾರಿಗೆ?"

ಬೈಂಡರ್ ಸುಳ್ಳು ಹೇಳುವುದರಲ್ಲಿ ಪಳಗಿದವನಲ್ಲ. ಬಾಯಿಗೆ ಬಂದದ್ದನ್ನು ಹೇಳಿದ. "ನಮ್ಮ ಚಿಕ್ಕಮ್ಮನಿಗೆ."

"ನಿಮಗೆ ಚಿಕ್ಕಮ್ಮ ಇದ್ದಾರಾ? ಯಾವತ್ತೂ ಕಂಡಿಲ್ಲ."

"ತುಂಬ ದೂರದಲ್ಲಿದ್ದಾರೆ. ಅಲ್ಲಿಗೆ ಬಸ್ಸೂ ಹೋಗಲ್ಲ."

"ಅವರು ಈ ಕಡೆ ಬರೋದು?"

"ಬರಲ್ಲ."

"ಅಂದ್ರೆ ಆ ಕೋಟು ನಮ್ಮ ಬೀದೀಲಿ ಯಾರ ಕಣ್ಣಿಗೂ ಬೀಳಲ್ಲ?"

"ಬೀಳಲ್ಲ ಅಕ್ಕಾ," ಎಂದ ಬೈಂಡರ್. ಚಿಕ್ಕಮ್ಮನ ಕೋಟು ಬೀದಿಯವರ ಕಣ್ಣಿಗೆ ಬೀಳುವ ವಿಚಾರ ಇವಳಿಗೇಕೆ ಎಂದು ಅವನಿಗೆ ತಿಳಿಯಲಿಲ್ಲ.

ನರ್ಸಕ್ಕನ ಮುಖ ಅರಳಿತು. ಒಳಗೆ ಓಡಿಹೋಗಿ ಒಂದು ಹೊದಿಕೆ ತಂದು ಅವನ ಹೆಗಲಿಗೆ ಹೇರಿದಳು. ಅದರ ತುಂಬ ಎಲೆಕೋಸಿನ ಗಾತ್ರದ ಕಿತ್ತಳೆ ಗುಲಾಬಿಗಳು. "ಪೂರ್ತಿ ತಗೊಳ್ಳಿ, ಒಂದು ಚೂರೂ ವಾಪಸ್ ಬೇಡ. ಯಾರೋ ಪ್ರೀತಿಯಿಂದ ಕೊಟ್ಟಿದ್ದು. ಪ್ರೀತಿ ಬೆಚ್ಚಗಿದೆ, ಹೊದ್ದುಕೊಂಡ್ರೆ ಮಾತ್ರ ಜ್ವರ ಬಂದ ಹಾಗಾಗುತ್ತೆ."

ತೋಳಿಗೆ ಇನ್ನೂ ಸಾಲದು. ಮೇಲುಮನೆಯ ಮೇಷ್ಟ್ರ ಬಾಗಿಲು ತಟ್ಟಿದ. ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಮೇಷ್ಟ್ರು ಪ್ರಶ್ನೆ ಕೇಳಿ ಉತ್ತರ ತಿದ್ದುವ ಅಭ್ಯಾಸ ಬಿಟ್ಟಿರಲಿಲ್ಲ. ಚಿಕ್ಕಮ್ಮ ಎಂದರೆ ಅವಳ ವಂಶವೃಕ್ಷವನ್ನೇ ಬರೆಸುತ್ತಾರೆಂದು ಹೆದರಿ ಬೈಂಡರ್ ಬೇರೆ ದಾರಿ ಹಿಡಿದ.

"ನಮ್ಮ ಆಫೀಸಿನ ಮೇಡಂಗೆ ಸಾರ್. ಕೆಲಸ ಬಿಟ್ಟು ನಾಳೆ ಊರಿಗೆ ಹೋಗ್ತಿದ್ದಾರೆ. ನೆನಪಿಗೆ."

"ಹೋದವರು ತಿರುಗಿ ಬರ್ತಾರೋ?"

"ಇಲ್ಲ ಸಾರ್."

"ಖಂಡಿತವಾಗಿ?"

"ಮನೇನೂ ಖಾಲಿ ಮಾಡಿದ್ದಾರೆ."

ಮೇಷ್ಟ್ರು ಊಟದ ಮೇಜಿನ ಮೇಲಿದ್ದ ತಟ್ಟೆ ಲೋಟಗಳನ್ನು ಸರಸರ ಎತ್ತಿಟ್ಟು, ಮೇಜಿನ ಬಟ್ಟೆಯನ್ನೇ ಎಳೆದು ಮಡಿಸಿ ಕೊಟ್ಟರು. "ನಲವತ್ತು ಗಿಳಿ ಇವೆ ಇದರಲ್ಲಿ. ಎರಡು ವರ್ಷದಿಂದ ನಾನು ಊಟಕ್ಕೆ ಕೂತರೆ ನಲವತ್ತೂ ನನ್ನ ತಟ್ಟೆನೇ ನೋಡ್ತವೆ. ಕೊಟ್ಟವರು ಆಗಾಗ ಮನೆಗೆ ಬರ್ತಾರೆ, ಅದಕ್ಕೆ ತೆಗೆಯೋ ಹಾಗೂ ಇರಲಿಲ್ಲ. ಇವತ್ತು ನಿಶ್ಚಿಂತೆಯಾಗಿ ಊಟ ಮಾಡ್ತೀನಿ."

ಬೈಂಡರನಿಗೆ ಸಂತೋಷಕ್ಕಿಂತ ಗಲಿಬಿಲಿಯೇ ಹೆಚ್ಚಾಯಿತು. ಒಂದು ಹಿಡಿ ಉಪ್ಪು ಕೇಳಿದರೆ ಡಬ್ಬಿ ಅಲ್ಲಾಡಿಸಿ ಕೊಡುವ ಜನ ಇವರು. ಇವತ್ತು ಹೊಸದರಂತಿರುವ ಬಟ್ಟೆಯನ್ನು ತಾವಾಗಿಯೇ ಎತ್ತಿ ಕೊಡುತ್ತಿದ್ದಾರೆ.

ಕೈಹೊಲಿಗೆಯಲ್ಲಿ ಆರು ಗಂಟೆಗೆ ಮುಗಿಯುವುದಿಲ್ಲ ಎಂದು ಖಾತ್ರಿಯಾದಾಗ ಅವನು ಕೆಳಮನೆಗೆ ಇಳಿದ. ಅಲ್ಲಿ ಟೈಲರಮ್ಮನ ಹೊಲಿಗೆ ಯಂತ್ರವಿತ್ತು. ಅವಳು ಚೂರುಗಳನ್ನು ಜೋಡಿಸಿ ಟೇಪು ಹಿಡಿದಳು.

"ಎದೆ ಮೂವತ್ತಾರು, ತೋಳು ಹತ್ತೊಂಬತ್ತು. ಯಾರಿಗಣ್ಣ ಇದು?"

"ನನಗೇ," ಎಂದುಬಿಟ್ಟ ಬೈಂಡರ್.

ಟೈಲರಮ್ಮ ಅವನ ಹೊಟ್ಟೆಯನ್ನು ಒಮ್ಮೆ, ಟೇಪನ್ನು ಒಮ್ಮೆ ನೋಡಿದಳು.

"ನಾಟಕಕ್ಕೆ," ಎಂದು ಅವನು ತೇಪೆ ಹಾಕಿದ. "ಆಫೀಸಿಂದು."

"ಏನು ಪಾತ್ರ?"

"ರಾಣಿ."

"ಮನೆಯವರೆಲ್ಲ ನೋಡೋಕೆ ಬರ್ತಾರಾ?"

"ಇಲ್ಲಮ್ಮ, ಹೊರಗಿನವರನ್ನ ಯಾರನ್ನೂ ಬಿಡಲ್ಲ."

"ಹಾಗಾದ್ರೆ ಬೆನ್ನಿಗೆ ನಾನು ಕೊಡ್ತೀನಿ ತಡೀರಿ!" ಟೈಲರಮ್ಮ ಪೆಟ್ಟಿಗೆಯ ತಳದಿಂದ ನೇರಳೆ ಬಣ್ಣದ ನಿಲುವಂಗಿಯೊಂದನ್ನು ಎಳೆದಳು. ಅದು ಎಷ್ಟು ಮಿಂಚುತ್ತಿತ್ತೆಂದರೆ ಕೋಣೆಯ ದೀಪ ಆರಿಸಬಹುದಿತ್ತು. "ನಾನೇ ಟೈಲರು, ನನ್ನ ಕೈಲೇ ಇದನ್ನ ಏನೂ ಮಾಡೋಕಾಗಿರ್ಲಿಲ್ಲ. ರಾಣಿಗಾದ್ರೆ ಸರಿ."

ಕತ್ತರಿ ಆಡಿತು, ಯಂತ್ರ ಓಡಿತು. ನಾಲ್ಕೂವರೆಗೆ ಗುಲಾಬಿ ಎದೆಯ, ಗಿಳಿ ತೋಳಿನ, ನೇರಳೆ ಬೆನ್ನಿನ ದಪ್ಪನೆಯ ಕೋಟು ಸಿದ್ಧವಾಯಿತು. ಬೈಂಡರ್ ಅದನ್ನು ಮಗುವಿನಂತೆ ಅಪ್ಪಿಕೊಂಡು ಮನೆಗೆ ಬಂದು ಗುಂಡಿ ಹಾಕತೊಡಗಿದ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ನರ್ಸಕ್ಕ, ಮೇಷ್ಟ್ರು, ಟೈಲರಮ್ಮ ಸೇರಿಬಿಟ್ಟಿದ್ದರು. ಪಾಪದ ಚಿಕ್ಕಮ್ಮ ಎಂದಳು ನರ್ಸಕ್ಕ. ಚಿಕ್ಕಮ್ಮ ಅಲ್ಲ, ಮೇಡಂ ಎಂದು ತಿದ್ದಿದರು ಮೇಷ್ಟ್ರು. ಮೇಡಂ ಎಲ್ಲಿಂದ ಬಂದ್ಲು, ರಾಣಿ ಅಲ್ವಾ ಎಂದಳು ಟೈಲರಮ್ಮ. ಒಂದು ಕೋಟಿಗೆ ಮೂವರು ಒಡತಿಯರು! ಮೂರು ಸುಳ್ಳನ್ನೂ ಕೂಡಿಸಿದಾಗ ಮೂವರಿಗೂ ಒಂದೇ ಉತ್ತರ ಬಂತು. ಐದೂವರೆಗೆ ಅವರು ಬೈಂಡರನ ನಡುಮನೆಯಲ್ಲಿ ಪಂಚಾಯಿತಿಯಂತೆ ಕೂತಿದ್ದರು.

"ಆ ಹೆಂಗಸು ಯಾರು?" ಎಂದರು ಮೇಷ್ಟ್ರು.

"ಯಾವ ಹೆಂಗಸು?"

"ಎದೆ ಮೂವತ್ತಾರು, ತೋಳು ಹತ್ತೊಂಬತ್ತು. ಆ ಹೆಂಗಸು," ಎಂದಳು ಟೈಲರಮ್ಮ.

"ಬಂಗಾರದಂಥ ಹೆಂಡ್ತೀನ ಇಟ್ಕೊಂಡು ಇದೇನ್ರೀ ಬುದ್ಧಿ?" ನರ್ಸಕ್ಕ ಸೆರಗಿಲ್ಲದಿದ್ದರೂ ಸೊಂಟಕ್ಕೆ ಏನನ್ನೋ ಸಿಕ್ಕಿಸಿಕೊಳ್ಳುವಂತೆ ಮಾಡಿದಳು. "ಅವರು ಬರ್ಲಿ, ಈಗ್ಲೇ ಹೇಳ್ತೀನಿ."

ಬೈಂಡರ್ ಕೋಟನ್ನು ಎತ್ತಿ ಹಿಡಿದ. "ಅಯ್ಯೋ, ಇದು ನನ್ನ ಹೆಂಡ್ತಿಗೇ ಕಣ್ರೀ! ಇವತ್ತು ನಮ್ಮ ಮದುವೆಯಾದ ದಿನ. ಮೊದಲೇ ಗೊತ್ತಾಗಬಾರದು ಅಂತ ನಿಮಗೆಲ್ಲ ಸುಳ್ಳು ಹೇಳಿದೆ."

ಇನ್ನೇನು ಎಲ್ಲರೂ ನಕ್ಕು ಬೆನ್ನು ತಟ್ಟುತ್ತಾರೆ ಎಂದುಕೊಂಡ. ಯಾರೂ ನಗಲಿಲ್ಲ. ಮೂವರ ಮುಖವೂ ಬಿಸಿ ಹಾಲಿಗೆ ಬಾಯಿಟ್ಟ ಬೆಕ್ಕಿನಂತಾಯಿತು.

"ಛೇ," ಎಂದರು ಮೇಷ್ಟ್ರು ಕೊನೆಗೆ. "ಬೇರೆ ಯಾರಾದರೂ ಆಗಿದ್ದರೆ ಎಷ್ಟೋ ವಾಸಿಯಿತ್ತು."

"ನನ್ನ ಗುಲಾಬಿ ನನಗೆ ಕೊಟ್ಬಿಡಿ," ಎಂದು ನರ್ಸಕ್ಕ ಕೋಟಿನ ಎದೆಗೆ ಕೈಹಾಕಿದಳು. ಮೇಷ್ಟ್ರು ಒಂದು ತೋಳು ಹಿಡಿದರು. ಟೈಲರಮ್ಮ ಕತ್ತರಿ ತೆಗೆದಳು. "ಬೆನ್ನು ಬಿಚ್ಚೋಕೆ ಐದು ನಿಮಿಷ ಸಾಕಣ್ಣ."

"ನನ್ನ ಹೆಂಡ್ತಿ ನಿಮಗೇನು ಮಾಡಿದ್ದಾಳೆ?" ಬೈಂಡರ್ ಕೋಟಿನ ಕೊರಳಪಟ್ಟಿಗೆ ಜೋತುಬಿದ್ದು ಕೂಗಿದ. "ಇಲ್ಲದ ಚಿಕ್ಕಮ್ಮನಿಗೆ ಕೊಡ್ತೀರಿ, ಅವಳಿಗೆ ಕೊಡಲ್ವಾ?"

"ಅವರೇ ನಮಗೆ ಕೊಟ್ಟಿದ್ದು ಕಣಣ್ಣ!" ಎಂದಳು ಟೈಲರಮ್ಮ, ಅಳುದನಿಯಲ್ಲಿ. "ತವರಿಂದ ಬಂದಿದ್ದು, ನಿಮಗಿರ್ಲಿ ಅಂತ ಆಸೆಯಿಂದ ಕೊಟ್ರು. ಹರಿದು ನಿಮ್ಮ ಕೈಗೆ ಹಾಕಿದ್ದೀನಿ ಅಂತ ಗೊತ್ತಾದ್ರೆ ನಾನು ಹೇಗೆ ಮುಖ ತೋರಿಸ್ಲಿ?"

"ನಿನಗೂ ತವರಿಂದಾನಾ?" ಎಂದಳು ನರ್ಸಕ್ಕ.

"ನನಗೂ," ಎಂದರು ಮೇಷ್ಟ್ರು ಮೆಲ್ಲಗೆ.

ಬೈಂಡರನ ಎದೆ ತುಂಬಿ ಬಂತು. ಹೆಂಡತಿಯ ಕೈ ಇಷ್ಟು ಧಾರಾಳವೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವಳ ತವರಿನಿಂದ ಇಷ್ಟೆಲ್ಲ ಯಾವಾಗ ಬಂತೆಂಬುದೂ ಗೊತ್ತಿರಲಿಲ್ಲ. ಆದರೆ ಯೋಚಿಸಲು ಹೊತ್ತೆಲ್ಲಿತ್ತು? ಗಡಿಯಾರದಲ್ಲಿ ಆರಕ್ಕೆ ಐದು ನಿಮಿಷ.

ಉಪಾಯ ಹೂಡಿದವರು ಮೇಷ್ಟ್ರು. "ಒಂದೇ ತರಹದ ಬಟ್ಟೆ ಊರಲ್ಲಿ ಹತ್ತು ಜನರ ಹತ್ತಿರ ಇರುತ್ತೆ. ನೀವೇ ಅಂಗಡಿಯಲ್ಲಿ ಆರಿಸಿ ತಂದದ್ದು ಅಂತ ಹೇಳಿ. ನಮ್ಮ ಹೆಸರು ಎತ್ತಬೇಡಿ. ಎಲ್ಲಿ, ಒಂದು ಸಲ ಹೇಳಿ ನೋಡೋಣ."

"ನಾನೇ ಅಂಗಡಿಯಲ್ಲಿ ಆರಿಸಿ ತಂದೆ."

"ಧ್ವನಿ ನಡುಗ್ತಿದೆ. ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕು. ಇನ್ನೊಮ್ಮೆ."

ಮೂರನೇ ಸಲಕ್ಕೆ ಅವನು ಪಾಸಾಗುವಷ್ಟರಲ್ಲಿ ಬಾಗಿಲು ತೆರೆಯಿತು. ಹೆಂಡತಿ ಕೆಂಪು ಮೂಗಿನೊಂದಿಗೆ ಒಳಬಂದಳು. ಗೋಡೆಗೆ ಸಾಲಾಗಿ ನಿಂತ ಮೂವರನ್ನು ನೋಡಿದಳು. ಆಮೇಲೆ ಗಂಡನ ಕೈಯಲ್ಲಿದ್ದ ಕೋಟನ್ನು ನೋಡಿದಳು. ಎದೆ, ತೋಳು, ಬೆನ್ನು. ಮೂಗಿನ ಕೆಂಪೂ ಇಳಿದುಹೋಯಿತು.

ಬೈಂಡರ್ ಕಲಿತ ಪಾಠ ಒಪ್ಪಿಸಿದ. ಕಣ್ಣಲ್ಲಿ ಕಣ್ಣಿಟ್ಟು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದ. "ನೋಡು, ಇದರಲ್ಲಿರೋ ಒಂದೊಂದು ಬಟ್ಟೆನೂ ನಾನೇ ಅಂಗಡೀಲಿ ಆರಿಸಿ ತಂದದ್ದು. ನಿನಗೇ ಅಂತ."

ಅವಳು ಕುರ್ಚಿಯ ಮೇಲೆ ಕುಸಿದಳು.

ನರ್ಸಕ್ಕನಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ಮೇಷ್ಟ್ರಿಗೆ ಮಾತ್ರೆ ನೆನಪಾಯಿತು. ಟೈಲರಮ್ಮ ಏನೂ ನೆನಪಾಗದೆಯೇ ಹೋದಳು. ಬಾಗಿಲು ಮುಚ್ಚಿದ್ದೇ ತಡ ಹೆಂಡತಿಯ ಕಣ್ಣಲ್ಲಿ ನೀರು ಬಂತು.

"ನಿಮಗೆ ಯಾವತ್ತು ಗೊತ್ತಾಯ್ತು?"

"ಏನು?"

"ಏನೂ ಗೊತ್ತಿಲ್ಲದ ಹಾಗೆ ಕೇಳ್ಬೇಡಿ. ಬಾಯಿ ತುಂಬ ಬೈದುಬಿಡಿ, ಸಹಿಸ್ಕೋತೀನಿ. ಹೀಗೆ ಒಬ್ಬೊಬ್ಬರ ಮನೆಗೆ ಹೋಗಿ ವಾಪಸ್ ಇಸ್ಕೊಂಡು, ಹೊಲಿದು, ಅವರನ್ನೇ ಸಾಲಾಗಿ ಮುಂದೆ ನಿಲ್ಲಿಸಿ..." ಅವಳು ಮೂಗು ಒರೆಸಿಕೊಂಡಳು. "ಈ ಗುಲಾಬಿ ಹೊದಿಕೆ ಮೂರನೇ ವರ್ಷ ತಂದ್ರಿ. ಗಿಳಿ ಏಳನೇ ವರ್ಷ. ಈ ನೇರಳೆ ಹೋದ ವರ್ಷದ್ದು. ಮೂರು ಅಂಗಡಿ ಸುತ್ತಿ ಆರಿಸಿದೆ ಅಂತ ಪ್ರತಿ ಸಲ ಹೇಳ್ತಿದ್ರಿ. ನಿಮ್ಮ ಮನಸ್ಸು ನೋಯಿಸಬಾರದು ಅಂತ ತಗೊಂಡೆ. ಮನೇಲಿಟ್ಕೊಂಡು ನೋಡೋಕಾಗ್ಲಿಲ್ಲ ರೀ. ತವರಿನದು ಅಂತ ಸುಳ್ಳು ಹೇಳಿ ಕೊಟ್ಟುಬಿಟ್ಟೆ."

ಬೈಂಡರ್ ಕೋಟನ್ನು ನೋಡಿದ. ತಾನು ಹೆಂಡತಿಗೆ ಕೊಟ್ಟ ಉಡುಗೊರೆಗಳೆಂದು ತಿಳಿದು ಅವನು ಅವುಗಳನ್ನು ಕಣ್ಣು ಬಿಟ್ಟು ನೋಡಿದ್ದು ಇದೇ ಮೊದಲು. ಜ್ವರ ಬಂದ ಹಾಗಾಯಿತು.

ಸಿಟ್ಟಾಗುವ ಹಕ್ಕು ಅವನಿಗಿತ್ತು. ಬಾಯಿ ತೆರೆದ. "ನನಗೇನೂ ಗೊತ್ತಿರಲಿಲ್ಲ" ಎಂದರೆ, ಮೂರು ಅಂಗಡಿ ಸುತ್ತಿ ಆರಿಸಿದವರಿಗೆ ಗುರುತೇ ಸಿಗಲಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಅಂಗಡಿಯವನು ಕೈಗೆ ಸಿಕ್ಕಿದ್ದನ್ನು ಸುತ್ತಿ ಕೊಡುತ್ತಿದ್ದ, ತಾನು ಕಾಗದದ ಬಣ್ಣ ಮಾತ್ರ ನೋಡುತ್ತಿದ್ದೆ ಎಂದು ಹೇಳಬೇಕಾಗುತ್ತದೆ. ಬಾಯಿ ಮುಚ್ಚಿದ. ಮತ್ತೆ ತೆರೆದು, ದೊಡ್ಡ ಮನಸ್ಸಿನವನಂತೆ, "ಹೋಗ್ಲಿ ಬಿಡು," ಎಂದ.

ಆ ಎರಡು ಮಾತಿಗೆ ಅವಳು ಇನ್ನಷ್ಟು ಕರಗಿಹೋದಳು. ಎದ್ದು ಕೋಟು ತೊಟ್ಟಳು. ಅಳತೆ ಹೇಳಿ ಮಾಡಿಸಿದಂತಿತ್ತು. ಗಿಳಿಗಳೆಲ್ಲ ಬೈಂಡರನನ್ನೇ ನೋಡಿದವು.

"ಬಿಡಲ್ಲ ರೀ. ನನ್ನ ತಪ್ಪು ನಾನು ತಿದ್ಕೋತೀನಿ. ದಿನಾ ಇದನ್ನೇ ಹಾಕ್ಕೊಂಡು ಹೋಗ್ತೀನಿ. ಉಳಿದ ಐದೂ ಗೋದಾಮಿನವರ ಹತ್ರ ಇವೆ. ನಾಳೇನೇ ಕೇಳಿ ಇಸ್ಕೊಂಡು ಬಂದು ನಿಮಗೂ ಇಂಥದ್ದೇ ಒಂದು ಕೋಟು ಹೊಲಿತೀನಿ. ಆಫೀಸಿಗೆ ಹಾಕ್ಕೊಂಡು ಹೋಗಿ."

"ಆ ಐದು..." ಬೈಂಡರ್ ಗಿಳಿಗಳಿಂದ ಕಣ್ಣು ತಪ್ಪಿಸಿದ. "ಯಾವುದ್ಯಾವುದು ಅಂತ ನಿನಗೆ ನೆನಪಿದೆಯಾ?"

"ಅಯ್ಯೋ, ಹೇಗೆ ಮರೆಯೋಕಾಗುತ್ತೆ?" ಅವಳು ಕಣ್ಣೊರೆಸಿಕೊಂಡು, ಅವನ ಬೆನ್ನಿನ ಅಗಲವನ್ನು ಗೇಣಿನಿಂದ ಅಳೆಯತೊಡಗಿದಳು. "ಮೊದಲನೇ ವರ್ಷ ತಂದ್ರಲ್ಲ, ಹೊಳೆಯೋ ಚಿರತೆ ಚುಕ್ಕಿ ಪರದೆ, ಅದು ಇಲ್ಲಿಗೆ ಸರಿಹೋಗುತ್ತೆ."