ಫ್ಯಾನ್ ಕಂಪನಿಯ ತಪ್ಪು ಕದ್ದವನು

ಬೇಸಿಗೆ ಆಗತಾನೇ ಕಾಲಿಟ್ಟಿತ್ತು. ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಫ್ಯಾನ್ ಕಂಪನಿಯ ಮ್ಯಾನೇಜರು ತಿದ್ದಪ್ಪನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಕಂಡ ಬರಹವನ್ನೆಲ್ಲ ತಿದ್ದುವ ಚಾಳಿಯಿಂದ ಬಂದ ಅಡ್ಡಹೆಸರು ಅದು. ಮೂರು ಪ್ರೆಸ್ಸುಗಳಿಂದ ಅವನು ಹೊರಬಿದ್ದದ್ದೂ ಆ ಚಾಳಿಯಿಂದಲೇ.

“ದೇಶಕ್ಕೆಲ್ಲ ಫ್ಯಾನ್ ಕಳಿಸೋ ಕಂಪನಿ ನಮ್ದು. ವೆಬ್‌ಸೈಟ್ ನೋಡಿದ್ರೆ ತಲೆ ತಗ್ಗಿಸ್ಬೇಕು. ಸಂಜೆಯೊಳಗೆ ಒಂದು ತಪ್ಪೂ ಇಲ್ಲದ ಹಾಗೆ ಮಾಡಿ, ಕೆಲಸ ಕಾಯಂ.”

ತಿದ್ದಪ್ಪ ಪರದೆ ನೋಡಿದ. ಒತ್ತಕ್ಷರಗಳು ಬಸ್ ತಪ್ಪಿದವರ ಹಾಗೆ ಎಲ್ಲೆಲ್ಲೋ ನಿಂತಿದ್ದವು. ಹಸಿದ ಹಸು ಹೊಲಕ್ಕೆ ನುಗ್ಗಿದಂತೆ ನುಗ್ಗಿದ.

ಪಕ್ಕದ ಮೇಜಿನ ಗುಮಾಸ್ತ ಕತ್ತು ಚಾಚಿದ. “ಅಣ್ಣಾ, ಎಲ್ಲ ತಿದ್ದಿಬಿಟ್ರೆ ನಾಳೆಗೆ ಏನು ಮಾಡ್ತೀರಿ? ಅರ್ಧ ಉಳಿಸ್ಕೊಳ್ಳಿ.”

“ಕಾಲಿಗೆ ಚುಚ್ಚಿದ ಮುಳ್ಳನ್ನ ಅರ್ಧ ಉಳಿಸ್ಕೋತಾರೇನಪ್ಪ?”

ಮೂರು ಗಂಟೆಗೆ ವೆಬ್‌ಸೈಟ್ ತೊಳೆದಿಟ್ಟ ತಟ್ಟೆಯಂತಾಯಿತು. ಹಳೆಯದರ ಒಂದು ಪ್ರತಿಯೂ ಉಳಿಯಲಿಲ್ಲ. ಬೆಳಿಗ್ಗೆಯಿಂದ ಬಿಡುವಿಲ್ಲದೆ ಬಡಿದುಕೊಳ್ಳುತ್ತಿದ್ದ ಗ್ರಾಹಕರ ಫೋನುಗಳ ಸದ್ದು ಮೂರೂವರೆಗೆ ಅಡಗಿತು. ನಾಲ್ಕಕ್ಕೆ ಫೋನ್ ಕೋಣೆಯ ಅಕ್ಕ ದಡಬಡ ಬಂದರು.

“ಯಾರ್ರೀ ಅದು, ನಮ್ಮ ತಪ್ಪುಗಳನ್ನ ಕದ್ದೋರು?”

ಮ್ಯಾನೇಜರು ಕಕ್ಕಾಬಿಕ್ಕಿಯಾದರು. “ಹಾಗಂದ್ರೆ ಏನಮ್ಮಾ?”

“ಫ್ಯಾನ್ ಬೇಕು ಅಂತ ಯಾರು ಸಾರ್ ಫೋನ್ ಮಾಡ್ತಾರೆ? ವೆಬ್‌ಸೈಟಲ್ಲಿ ತಪ್ಪಿದೆ ಅಂತ ಬಯ್ಯೋಕೆ ಮಾಡ್ತಾರೆ. ‘ಅಯ್ಯೋ ಹೌದಾ, ನಿಮ್ಮಂಥ ತಿಳಿದೋರು ಎಲ್ಲಿ ಸಿಗ್ತಾರೆ!’ ಅಂತೀವಿ. ಉಬ್ಬಿಹೋಗ್ತಾರೆ. ಆಮೇಲೆ ‘ಮನೇಲಿ ಸೆಕೆ ಹೇಗಿದೆ?’ ಅಂತೀವಿ. ಎರಡು ಫ್ಯಾನ್ ಹೋಗುತ್ತೆ!”

ಮ್ಯಾನೇಜರು ತಿದ್ದಪ್ಪನ ಕಡೆ ತಿರುಗಿದರು. “ಐದರೊಳಗೆ ಎಲ್ಲ ತಪ್ಪೂ ವಾಪಸ್ ಹಾಕ್ರಿ. ಇಲ್ಲಾಂದ್ರೆ ಕೆಲಸದ ಆಸೆ ಬಿಡಿ.”

ತಿದ್ದಪ್ಪ ಒಂದು ತಪ್ಪು ಹಾಕಿದ. ಬೆರಳು ತಾನಾಗಿಯೇ ಹೋಗಿ ಸರಿಮಾಡಿತು. ಗುಮಾಸ್ತ ಅವನ ಬಲಗೈ ಹಿಡಿದುಕೊಂಡ; ಎಡಗೈ ತಿದ್ದಿತು.

ಐದಕ್ಕೆ ಐದು ನಿಮಿಷವಿರುವಾಗ ಮೊಬೈಲಿಗೆ ಹೆಂಡತಿಯ ಮೆಸೇಜು ಬಂತು. ಓದಿದವನೇ ಕೆಂಡವಾಗಿ ಫೋನ್ ಹಚ್ಚಿದ. “ಲೇ, ನಾಲ್ಕು ಪದದಲ್ಲಿ ಆರು ತಪ್ಪು! ಯಾವಾಗ ಕಲೀತೀಯ?”

ಮ್ಯಾನೇಜರು ಮೊಬೈಲ್ ಕಿತ್ತುಕೊಂಡು ಸ್ಪೀಕರ್ ಹಾಕಿದರು. “ಅಮ್ಮಾ, ಇಷ್ಟೊಂದು ತಪ್ಪು ಹೇಗೆ ಮಾಡ್ತೀರಿ?”

“ಬೇಕಂತಲೇ ಸಾರ್. ಸರಿಯಾಗಿ ಬರೆದ್ರೆ ಇವರು ಉತ್ತರಾನೇ ಕೊಡಲ್ಲ. ತಪ್ಪು ಬರೆದ್ರೆ ಆ ಕ್ಷಣಕ್ಕೆ ಫೋನ್ ಮಾಡ್ತಾರೆ. ಹನ್ನೆರಡು ವರ್ಷದಿಂದ ಹೀಗೇ ನಡೀತಿದೆ.”

ಅಕ್ಕ ಚಪ್ಪಾಳೆ ತಟ್ಟಿದರು. ಮ್ಯಾನೇಜರು ಅಲ್ಲೇ ನಿಂತು ನೇಮಕದ ಪತ್ರ ಬರೆಸಿದರು. ಸೋಮವಾರದಿಂದ ಆ ಕುರ್ಚಿ ತಿದ್ದಪ್ಪನ ಹೆಂಡತಿಗೆ, ಕಾಯಂ. ತಿದ್ದಪ್ಪ ಮಾತ್ರ ಶನಿವಾರ ಸಂಜೆಯೇ ಹೊರಟುಹೋದ. ಹೆಂಡತಿಗೆ ಮುಟ್ಟಿಸಬೇಕಾದ ಆ ಪತ್ರವನ್ನು ದಾರಿಯುದ್ದಕ್ಕೂ ಪೆನ್ನಿನಿಂದ ತಿದ್ದುತ್ತ.