ಕಾಶಿಯಲ್ಲಿ ಬಿಟ್ಟ ಸೋರೆಕಾಯಿ

ಕುರ್ಚಿಯಿಂದ ಏಳದೆ ಪ್ರವಾಸ ಹೋದರೆ ತೊಂದರೆಗಳು ಮನೆಯಲ್ಲೇ ಉಳಿಯುತ್ತವೆ ಎಂದು ನಂಬಿದ್ದೆ. ಅವೂ ಒಂದೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂರುತ್ತವೆ.

ನಾನು ಸಹಕಾರನಗರದ ಒಂದು ವೃದ್ಧಾಶ್ರಮದಲ್ಲಿ ಆಕ್ಟಿವಿಟಿ ಕೋಆರ್ಡಿನೇಟರ್. ಸಮಾಜಶಾಸ್ತ್ರದ ಎಂ.ಎ. ಇಟ್ಟುಕೊಂಡು ಬೆಳಗಿನ ಭಜನೆಗೂ ಸಂಜೆಯ ಕಾಫಿಗೂ ನಡುವಿನ ಹೊತ್ತು ತುಂಬಿಸುವವಳು. ತಿಂಗಳಿಗೊಂದು ಟಿ.ವಿ. ಪ್ರವಾಸ ಮಾಡೋಣ ಎಂದೆ: ದೊಡ್ಡ ಪರದೆಯಲ್ಲಿ ಊರು, ಅದಕ್ಕೆ ತಕ್ಕ ಅಲಂಕಾರ. ಮಾಲೀಕರು ಚಿಕ್ಕಜಾಲದ ಒಕ್ಕಲು ಮನೆತನದವರು, ಮಾತು ನೇರ. "ಮೂರು ಟ್ರಿಪ್ ನೋಡ್ತೀನಮ್ಮ. ಒಂದಾದ್ರೂ ಕಂಪ್ಲೇಂಟ್ ಇಲ್ದೆ ಆದ್ರೆ ನಿಮ್ ಕೆಲ್ಸ ಪರ್ಮನೆಂಟು. ಇಲ್ದಿದ್ರೆ ಈ ರೂಮು ಫಿಸಿಯೋಥೆರಪಿಗೆ, ನೀವು ನಿಮ್ಮನೆಗೆ."

೧. ಸ್ವಿಟ್ಜರ್ಲೆಂಡ್

ಎ.ಸಿ. ಕೊನೆಯ ಮಟ್ಟಕ್ಕೆ ಇಳಿಸಿ, ಗೋಡೆಗೆಲ್ಲ ಹತ್ತಿ ಅಂಟಿಸಿದ್ದೆ. ಎಲ್ಲರೂ ಸ್ವೆಟರು, ಮಂಕಿಕ್ಯಾಪು ಹಾಕಿಕೊಂಡೇ ಬಂದರು. ನನ್ನ ಕಲ್ಪನೆ ಗೆದ್ದಿತು ಅಂದುಕೊಂಡೆ. ಆಮೇಲೆ ನೆನಪಾಯಿತು, ಅವರು ಏಪ್ರಿಲ್‌ನಲ್ಲೂ ಹಾಗೇ ಇರುತ್ತಾರೆ.

ಪರದೆಯ ಮೇಲೆ ವಿಮಾನ ಇನ್ನೂ ರನ್‌ವೇಯಲ್ಲಿತ್ತು. ಹಿಂದಿನ ಸಾಲಿನಲ್ಲಿ ಡಬ್ಬಿ ತೆರೆದ ಸದ್ದು. ಮಾಲೀಕರ ತಾಯಿ ಎಲ್ಲರಿಗೂ ಪುಳಿಯೋಗರೆ ಹಂಚುತ್ತಿದ್ದರು. ಮನೆಯಲ್ಲಿ ಮಾತಿಗೆ ಜನ ಸಿಗುವುದಿಲ್ಲ ಎಂದು ತಾವೇ ಬಂದು ಇಲ್ಲಿ ರೂಮು ಹಿಡಿದಿರುವ ಅಜ್ಜಿ ಅವರು.

"ಅಜ್ಜಿ, ಈಗ ತಾನೇ ತಿಂಡಿ ಆಯ್ತಲ್ಲ?"

"ಅದು ಮನೇಲಿ ತಿಂದಿದ್ದು ಕಣಮ್ಮ. ಇದು ದಾರೀದು."

ಆಲ್ಪ್ಸ್ ಪರ್ವತ ಬರುವ ಹೊತ್ತಿಗೆ ಪುಳಿಯೋಗರೆ ಕೆಲಸ ಮಾಡಿತ್ತು. ಹಿಮ, ಸರೋವರ, ಹಸು ಎಲ್ಲವನ್ನೂ ನಾನೊಬ್ಬಳೇ ನೋಡಿದೆ. ಸಂಜೆಗೆ ಮಾಲೀಕರಿಗೆ ದೂರು ಹೋಯಿತು: "ಊರು ಬಂದಾಗ ಎಬ್ಬಿಸಲಿಲ್ಲ."

೨. ಪ್ಯಾರಿಸ್

ಈ ಸಲ ಡಬ್ಬಿಗಳನ್ನು ಬಾಗಿಲಲ್ಲೇ ಇಸಿದುಕೊಂಡೆ. ವಿಮಾನದ ಹಾಗೆ ಎರಡೆರಡು ಕುರ್ಚಿ ಜೋಡಿಸಿದ್ದೆ. ಬಾಗಿಲು ತೆರೆದರೆ, ಕಿಟಕಿ ಪಕ್ಕದ ಕುರ್ಚಿಯ ಮೇಲೆ ಆಗಲೇ ಒಂದು ಟವೆಲ್. ಧಾರವಾಡದ ಕಡೆಯ ನಿವೃತ್ತ ಮೇಷ್ಟರು ಅದನ್ನು ಹೊರಗಿನಿಂದ ಕಿಟಕಿಯ ಸರಳಿನ ನಡುವೆ ತೂರಿಸಿದ್ದರು.

"ಸರ್, ಎಲ್ಲರಿಗೂ ಜಾಗ ಇದೆ."

"ಜಾಗಾ ಐತ್ರಿ. ಕಿಡಕಿ ಒಂದ ಐತಲ್ರಿ."

ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ರೇಗಿದರು: "ಟವೆಲ್ ಹಾಕಿದ್ರೆ ಸೀಟ್ ನಿಮ್ದಾಗ್ಬಿಡತ್ತೇನ್ರೀ? ಇದೇನ್ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಾ?"

"ವಿಮಾನಕ್ಕ ಟವೆಲ್ ಹಾಕಬಾರದಂತ ಎಲ್ಲಿ ಬರದೈತಿ, ತೋರಸ್ರಿ."

ಅಷ್ಟರಲ್ಲಿ ಹೊರಗೆ ನೀರಿನ ಟ್ಯಾಂಕರೊಂದು ನಿಲ್ಲಿಸಿದ್ದ ಎರಡು ಕಾರುಗಳ ನಡುವೆ ರಿವರ್ಸ್ ಬರತೊಡಗಿತು. ಎಲ್ಲರೂ ಕಿಟಕಿಗೆ ಮುಗಿಬಿದ್ದು "ಲೆಫ್ಟ್ ಒಡಿ! ಸಾಕ್ ಸಾಕ್!" ಎಂದು ಕೂಗಿದರು. ಹಿಂದೆ ಐಫೆಲ್ ಗೋಪುರ ತನ್ನ ಪಾಡಿಗೆ ತಾನು ನಿಂತಿತ್ತು. ಟ್ಯಾಂಕರ್ ತಮಗೆ ಸರಿಯಾಗಿ ಕಾಣಲಿಲ್ಲ ಎಂದು ಬ್ಯಾಂಕಿನವರು ದೂರು ಕೊಟ್ಟರು. ಮೇಷ್ಟರು ಮಾತ್ರ ತೃಪ್ತರು. "ಪ್ಯಾರಿಸ್ ಛಲೋ ಐತ್ರಿ. ಟ್ರಾಫಿಕ್ ಅಷ್ಟ ಭಾಳ."

೩. ಕಾಶಿ

ಉಳಿದದ್ದು ಒಂದೇ ಪ್ರವಾಸ. ನನಗೆ ದೇವರಲ್ಲಿ ನಂಬಿಕೆಯಿಲ್ಲ, ಆದರೆ ಕಾಶಿಯಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ ಎಂಬ ನಂಬಿಕೆಯಿತ್ತು. ಗಂಗಾರತಿಯ ವಿಡಿಯೋ ಹಾಕಿ, ಸ್ಪ್ರೇ ಬಾಟಲಿಯಲ್ಲಿ ನಲ್ಲಿ ನೀರು ತುಂಬಿ ಎಲ್ಲರ ತಲೆಗೂ ಹೊಡೆದೆ. "ಗಂಗೇ ಗಂಗೇ" ಎಂದು ಕಣ್ಣು ಮುಚ್ಚಿದರು. ತಪಾಸಣೆಗೆಂದು ಬಂದ ಮಾಲೀಕರು ಕೂಡ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದು ನಿಂತರು. ಕೆಲಸ ಉಳಿಯಿತು ಅಂದುಕೊಂಡೆ.

ಮಾರನೆಯ ದಿನ ಮಧ್ಯಾಹ್ನ ಊಟದ ಮನೆಯಲ್ಲಿ ಒಬ್ಬರೂ ಸಾಂಬಾರ್ ಮುಟ್ಟಲಿಲ್ಲ. ನಮ್ಮಲ್ಲಿ ಸಾಂಬಾರ್ ಎಂದರೆ ಸೋರೆಕಾಯಿ. ಮಾಲೀಕರ ತೋಟದ ಬೆಳೆ. ಪಲ್ಯವೂ ಅದೇ, ಮಜ್ಜಿಗೆಹುಳಿಯೂ ಅದೇ, ಹಬ್ಬ ಬಂದರೆ ಪಾಯಸವೂ ಅದೇ.

ಅಜ್ಜಿ ಎಲ್ಲರ ಪರವಾಗಿ ಹೇಳಿದರು: "ಕಾಶಿಗೋದೋರು ಇಷ್ಟವಾದ್ದು ಏನಾರ ಒಂದು ಅಲ್ಲೇ ಬಿಟ್ಟು ಬರ್ಬೇಕಲ್ವಾ? ನಾವೆಲ್ಲಾ ಸೋರೆಕಾಯಿ ಬಿಟ್ವಿ."

"ಎಲ್ಲರಿಗೂ ಸೋರೆಕಾಯೀನೇ ಇಷ್ಟವೇ?" ಎಂದೆ.

"ಜೀವಾರೀ," ಎಂದು ಮೇಷ್ಟರು ಕಣ್ಣೊರೆಸಿಕೊಂಡರು.

ಮಾಲೀಕರು ಓಡಿಬಂದರು. "ಅವ್ವಾ, ಅದು ಟಿ.ವಿ. ಕಣವ್ವಾ! ಕಾಶಿ ಅಲ್ಲ!"

"ಟಿ.ವಿ. ಆಗಿದ್ರೆ ನೀನ್ಯಾಕ್ಲಾ ಚಪ್ಲಿ ಬಿಟ್ಟು ಕೈ ಮುಗ್ದೆ?"

ಮಾಲೀಕರು ಸುತ್ತ ನೋಡಿದರು. "ಯಾರಿಗಾದ್ರೂ ಈ ಟ್ರಿಪ್ ಬಗ್ಗೆ ಕಂಪ್ಲೇಂಟ್ ಐತಾ?" ಕೇಳಿದ ದನಿಯಲ್ಲಿ ಆಸೆಯಿತ್ತು. ಒಬ್ಬರಿಗೂ ಇರಲಿಲ್ಲ. ಮೇಷ್ಟರು ಎದ್ದು ನನಗೆ ಧನ್ಯವಾದವನ್ನೂ ಹೇಳಿದರು. ಹೀಗೆ ನನ್ನ ಕೆಲಸ ಪರ್ಮನೆಂಟ್ ಆಯಿತು.

ತೋಟದಲ್ಲಿ ಸೋರೆಕಾಯಿ ಮಾತ್ರ ನಿಲ್ಲಲಿಲ್ಲ. ನಿವಾಸಿಗಳ ಎಲೆಗೆ ಹುರುಳಿಕಾಯಿ, ಬದನೆಕಾಯಿ ಬಂದವು. ಸೋರೆಕಾಯಿ ಸಿಬ್ಬಂದಿಯ ಕಡೆ ತಿರುಗಿತು.

"ಅಜ್ಜಿ, ಕಾಶೀಲಿ ನಾವೂ ಇದ್ವಲ್ಲ?" ಎಂದ ಅಡುಗೆಯವನು.

"ರಿಮೋಟ್ ಇಡ್ಕಂಡೋಳು ಡ್ರೈವರ್ರು. ನೀನು ಕ್ಲೀನರ್ರು. ನಿಮ್ಗೆಲ್ಲಾ ಯಾತ್ರೆ ಲೆಕ್ಕಕ್ಕಿಲ್ಲ."

"ನಾನು?" ಎಂದರು ಮಾಲೀಕರು.

"ನೀನು ಬಸ್ ಅತ್ಸಕ್ ಬಂದಿದ್ದೆ."

ಎರಡನೇ ವಾರದ ಹೊತ್ತಿಗೆ ನನಗೆ ಪುಣ್ಯ, ಗಂಗೆ ಎಲ್ಲದರಲ್ಲೂ ನಂಬಿಕೆ ಬಂದಿತ್ತು. ಮತ್ತೊಂದು ಕಾಶಿಯಾತ್ರೆ ಇಟ್ಟೆ, ಸಿಬ್ಬಂದಿಗೆ ಮಾತ್ರ. ಅಡುಗೆಯವನು, ನರ್ಸು, ವಾಚ್‌ಮನ್ ಅವತ್ತೇ ಹೆಸರು ಕೊಟ್ಟರು. ರಿಮೋಟ್ ಹಿಡಿಯಲು ಮೇಷ್ಟರು ಒಪ್ಪಿದರು.

ಹೊರಡುವ ಹಿಂದಿನ ದಿನ ಸಂಜೆ ಮಾಲೀಕರು ನನ್ನ ರೂಮಿಗೆ ಬಂದು ಬಾಗಿಲು ಮುಂದೆ ಮಾಡಿದರು.

"ನಂಗೂ ಒಂದು ಸೀಟ್ ಇಡಮ್ಮ. ಮಿಕ್ಕಿದ್ದೆಲ್ಲಾ ನಮ್ಮನೆಗೇ ಬರ್ತೈತೆ. ಎರಡೊತ್ತೂ ಅದೇ."

ನಾನು ಉತ್ತರ ಕೊಡುವ ಮೊದಲೇ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಮೇಜಿನ ಮೇಲೆ ಹಾಕಿದರು.